ಖಾನಾವಳಿ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯ ಖಾನಾವಳಿಗಳ ಅಕ್ಕಂದಿರಿಗೆ, ಅಣ್ಣಂದಿರಿಗೆ,



ಇದು ದೂರಿನ ಪತ್ರವಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಯಾವ ಓಣಿಯಲ್ಲಿ ಉಣ್ಣಬೇಕೆಂದು ತೀರ್ಮಾನಿಸುವ ಜನ ನಾವು. ನಿಮ್ಮ ಕೈಯ ಊಟಕ್ಕೆ ಹೆಸರಿಡುವ ಧೈರ್ಯ ನನಗಿಲ್ಲ. ಆದರೆ ಈಚೆಗೆ ಎರಡು ಬದಲಾವಣೆ ಕಣ್ಣಿಗೆ ಬೀಳುತ್ತಿವೆ. ತಟ್ಟೆಯ ಅಂಚಿನಲ್ಲಿರುತ್ತಿದ್ದ ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ, ಹಕ್ಕರಕಿ, ಹಸಿ ಮೆಂತೆ ಸೊಪ್ಪು ಒಂದೊಂದಾಗಿ ಕಡಿಮೆಯಾಗುತ್ತಿವೆ. ಕೆಲವೆಡೆ ಕೇಳಿದರೆ ಕೊಡುತ್ತಾರೆ, ಕೆಲವೆಡೆ ಕೇಳಿದರೂ ‘ಇವತ್ತ ಮಾಡಿಲ್ರಿ’ ಎನ್ನುತ್ತಾರೆ. ಅದೇ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಪಕ್ಕ ಹೊಸದೊಂದು ಡಬ್ಬಿ ಬಂದು ಕೂತಿದೆ. ಹೊಟ್ಟೆ ಸಾಫ್ ಮಾಡುವ ಚೂರ್ಣ. ಮೊದಲನೆಯದನ್ನು ತೆಗೆದು ಎರಡನೆಯದನ್ನು ಮಾರುವುದು ತಲೆಕೆಳಗಾದ ವ್ಯಾಪಾರ ಎಂದು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ಮಾತನ್ನು ಚೀನಾದಿಂದ ಶುರು ಮಾಡಿದರೆ ನಗಬೇಡಿ. ನಮ್ಮ ಕಡೆ ಚೈನೀಸ್ ಎಂದರೆ ಬಸ್‌ಸ್ಟ್ಯಾಂಡಿನ ಗೋಬಿ ಮಂಚೂರಿ. ಅದಕ್ಕೆ ಹಾಕುತ್ತಿದ್ದ ಕೃತಕ ಬಣ್ಣವನ್ನು 2024ರ ಮಾರ್ಚ್‌ನಲ್ಲಿ ಸರ್ಕಾರವೇ ನಿಷೇಧಿಸಬೇಕಾಯಿತು. ನಾನು ಹೇಳಹೊರಟಿದ್ದು ಆ ಚೀನಾ ಅಲ್ಲ, ಕಷಾಯದ ಚೀನಾ. ಅಲ್ಲಿನ ವೈದ್ಯರು ಹುವಾಂಗ್‌ಚಿ, ದಾಂಗ್‌ಶೆನ್ ಎಂಬ ಬೇರುಗಳನ್ನು, ಫೂಲಿಂಗ್ ಎಂಬ ಅಣಬೆಯನ್ನು, ಗೋಜಿ ಎಂಬ ಕೆಂಪು ಹಣ್ಣನ್ನು ಶತಮಾನಗಳಿಂದ ನೀರಿನಲ್ಲಿ ಬಹಳ ಹೊತ್ತು ಕುದಿಸಿ ಕುಡಿಸುತ್ತ ಬಂದಿದ್ದಾರೆ. ಆಧುನಿಕ ಪ್ರಯೋಗಾಲಯಗಳಿಗೆ ಇದರಲ್ಲೊಂದು ಒಗಟು ಇತ್ತು. ಹಾಗೆ ಕುದಿಸಿದಾಗ ನೀರಿಗೆ ಬಿಡುವುದು ಬಹುಪಾಲು ಉದ್ದುದ್ದ ಸರಪಳಿಯ ಸಕ್ಕರೆಗಳು, ಅಂದರೆ ಪಾಲಿಸ್ಯಾಕರೈಡ್‌ಗಳು. ಇವು ಸಣ್ಣ ಕರುಳಿನಲ್ಲಿ ಅರಗುವುದಿಲ್ಲ, ರಕ್ತಕ್ಕೆ ಸೇರುವುದೂ ಇಲ್ಲವೆನ್ನುವಷ್ಟು ಕಡಿಮೆ. ರಕ್ತಕ್ಕೇ ಸೇರದ ಔಷಧ ಕೆಲಸ ಮಾಡುವುದಾದರೂ ಎಲ್ಲಿ?

ಉತ್ತರ ದೊಡ್ಡ ಕರುಳಿನಲ್ಲಿತ್ತು. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು ಈಗಿನ ಅಂದಾಜು. ಹೆಚ್ಚಿನವು ಇರುವುದು ಅಲ್ಲೇ. ನಮಗೆ ಅರಗದ್ದು ಅವಕ್ಕೆ ಊಟ. 2015ರಲ್ಲಿ ತೈವಾನಿನ ವಿಜ್ಞಾನಿಗಳು ಲಿಂಗ್‌ಝಿ ಅಣಬೆಯ ನೀರಿನ ಸಾರವನ್ನು ಕೊಬ್ಬಿನ ಆಹಾರ ತಿನ್ನುತ್ತಿದ್ದ ಇಲಿಗಳಿಗೆ ಕುಡಿಸಿದರು. ಇಲಿಗಳ ತೂಕ ಏರುವುದು ಕಡಿಮೆಯಾಯಿತು. ಅದಕ್ಕಿಂತ ಮುಂದಿನದು ಸ್ವಾರಸ್ಯ: ಸಾರ ಕುಡಿದ ಇಲಿಗಳ ಹಿಕ್ಕೆಯಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಸಾರವನ್ನೇ ಕುಡಿಯದ ಇಲಿಗಳ ಕರುಳಿಗೆ ಸೇರಿಸಿದಾಗ ಅವುಗಳಲ್ಲೂ ಅದೇ ಗುಣ ಕಂಡಿತು. ಅಂದರೆ ಕೆಲಸ ಮಾಡಿದ್ದು ಅಣಬೆ ಒಂದೇ ಅಲ್ಲ, ಅದನ್ನು ಉಂಡ ಬ್ಯಾಕ್ಟೀರಿಯಾಗಳೂ ಹೌದು. ಹೀಗೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಮೇವಾಗಿ ಆ ಮೂಲಕ ನಮಗೆ ಒಳಿತು ಮಾಡುವ ಪದಾರ್ಥಕ್ಕೆ ಪ್ರಿಬಯಾಟಿಕ್ ಎಂದು 1995ರಲ್ಲಿ ಗಿಬ್ಸನ್ ಮತ್ತು ರೋಬರ್‌ಫ್ರಾಯ್ಡ್ ಎಂಬಿಬ್ಬರು ವಿಜ್ಞಾನಿಗಳು ಹೆಸರಿಟ್ಟಿದ್ದರು. ಮೊಸರಿನಲ್ಲಿರುವಂಥ ಜೀವಂತ ಬ್ಯಾಕ್ಟೀರಿಯಾ ಬೇರೆ, ಅವುಗಳಿಗೆ ಹಾಕುವ ಮೇವು ಬೇರೆ. ನಾನು ಹೇಳುತ್ತಿರುವುದು ಮೇವಿನ ಮಾತು.

ಈ ಮೇವು ಅರಗಿದ ಮೇಲೆ ಬ್ಯಾಕ್ಟೀರಿಯಾಗಳು ಬಿಡುವ ಆಮ್ಲಗಳಲ್ಲಿ ಬ್ಯುಟಿರೇಟ್ ಮುಖ್ಯವಾದದ್ದು. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಪಡೆಯುವುದು ಇದರಿಂದಲೇ. ಮೇವು ಸಿಗದಿದ್ದರೆ? 2016ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು ಅದನ್ನೂ ತೋರಿಸಿತು. ನಾರು ಸಿಗದ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗಿದವು. ಬರಗಾಲದಲ್ಲಿ ಕಣಿಕಿ ಮುಗಿದ ಮೇಲೆ ಕಟ್ಟಿದ ದನ ಗುಡಿಸಲಿನ ಛಾವಣಿಯನ್ನೇ ಎಳೆದು ತಿಂದ ಹಾಗೆ.

ಈಗ ನಿಮ್ಮ ತಟ್ಟೆಗೆ ಬರುತ್ತೇನೆ.

ಮೊದಲು ರೊಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ ಮೂರು ರೊಟ್ಟಿ ಉಂಡವನಿಗೆ 15 ಗ್ರಾಂ ನಾರು ಸಿಕ್ಕಿತು. ಅಷ್ಟೇ ತೂಕದ ಅಕ್ಕಿಯ ಅನ್ನ ಉಂಡವನಿಗೆ 4 ಗ್ರಾಂ. ದಿನಕ್ಕೆ ಬೇಕಾದದ್ದು 2000 ಕ್ಯಾಲರಿಯ ಊಟಕ್ಕೆ 30 ಗ್ರಾಂ ಎಂದು ಅದೇ ಸಂಸ್ಥೆ ಹೇಳುತ್ತದೆ. ಬೆಂದ ಪಿಷ್ಟ ಆರಿದಾಗ ಅದರಲ್ಲೊಂದು ಭಾಗ ಮತ್ತೆ ಬಿಗಿದುಕೊಂಡು ಸಣ್ಣ ಕರುಳಿಗೆ ಜಗ್ಗದೆ ಮುಂದೆ ಸಾಗುತ್ತದೆ. ಹಾಗಾಗಿ ಬಿಸಿ ರೊಟ್ಟಿಯ ರುಚಿಗೆ ಸಾಟಿಯಿಲ್ಲ ಎಂದು ಒಪ್ಪಿದರೂ, ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿಯನ್ನು ಬಡವರ ಊಟ ಎಂದು ಮೂಲೆಗೆ ತಳ್ಳಬೇಡಿ.

ಉಳ್ಳಾಗಡ್ಡಿ, ಬಳ್ಳೊಳ್ಳಿ. ಇವುಗಳಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಯ ಬಗ್ಗೆ ನಡೆದಷ್ಟು ಪ್ರಿಬಯಾಟಿಕ್ ಸಂಶೋಧನೆ ಬೇರೆ ಯಾವುದರ ಬಗ್ಗೆಯೂ ನಡೆದಿರಲಾರದು. ಪಟ್ಟಣದ ಔಷಧ ಅಂಗಡಿಗಳಲ್ಲಿ ಇನ್ಯುಲಿನ್ ಎಂದು ದುಬಾರಿ ಡಬ್ಬಿಯಲ್ಲಿ ಬರುವುದು ಇದೇ ಕುಲದ್ದು. ನಿಮ್ಮಲ್ಲಿ ಅದು ರೊಟ್ಟಿಯ ಪಕ್ಕ ಗುದ್ದಿಟ್ಟ ಗಡ್ಡೆಯಾಗಿ, ರಂಜಕದೊಳಗಿನ ಬಳ್ಳೊಳ್ಳಿಯಾಗಿ ಬರುತ್ತಿತ್ತು.

ಅಗಸಿ ಹಿಂಡಿಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದರೆ ಸಹಿಸಿಕೊಳ್ಳಿ, ಏಕೆಂದರೆ ತಟ್ಟೆಯಿಂದ ಮೊದಲು ಜಾಗ ಖಾಲಿ ಮಾಡಿದ್ದು ಅದೇ. ಅಗಸಿಯ ಸಿಪ್ಪೆಯಲ್ಲಿ ನೀರು ಬಿದ್ದರೆ ಲೋಳೆಯಾಗುವ ನಾರಿದೆ. ಅದರ ಜೊತೆಗೆ ಲಿಗ್ನಾನ್ ಎಂಬ ಪದಾರ್ಥವೂ ಇದೆ. ಬಾಯಿಗೆ ಹಾಕಿಕೊಂಡ ರೂಪದಲ್ಲಿ ಅದರಿಂದ ಹೆಚ್ಚು ಉಪಯೋಗವಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಎಂಟರೊಲ್ಯಾಕ್ಟೋನ್ ಎಂಬ ಬೇರೆಯದನ್ನೇ ಮಾಡಿಕೊಡುತ್ತವೆ, ಮೈಗೆ ಹತ್ತುವುದು ಅದು. ಇಡಿಯ ಕಾಳು ನುಂಗಿದರೆ ಬಹುಪಾಲು ಹಾಗೆಯೇ ಹೊರಬೀಳುತ್ತದೆ, ಅದಕ್ಕೇ ಕುಟ್ಟಬೇಕು. ನಮ್ಮ ಅಜ್ಜಿಯರು ಹುರಿದು, ಒಣಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಹಾಕಿ ಕುಟ್ಟಿದ್ದು ರುಚಿಗೆ. ಕೆಲಸ ಮಾತ್ರ ಸರಿಯಾದದ್ದೇ ಆಯಿತು. ಚಳಿಗಾಲದಲ್ಲಿ ಅಗಸಿ, ಹಸಿಮೆಣಸಿನಕಾಯಿ ರುಬ್ಬಿ ಹುಳಿ ಬರಲು ಇಡುವ ಕರಿಂಡಿಯನ್ನು ಈಗ ಎಷ್ಟು ಖಾನಾವಳಿಗಳಲ್ಲಿ ಮಾಡುತ್ತೀರಿ? ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರ ಬುತ್ತಿಯಲ್ಲಿ ಇನ್ನೂ ಇದೆ. ಪ್ಯಾಟಿಯ ತಟ್ಟೆಯಲ್ಲಿ ಅಪರೂಪ.

ಮೆಂತೆಯ ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನಾರೇ. ಮಡಕಿ, ಹೆಸರು, ಅಲಸಂದಿಯಂಥ ಕಾಳುಗಳಲ್ಲಿ ರ್‍ಯಾಫಿನೋಸ್ ಕುಲದ ಸಕ್ಕರೆಗಳಿವೆ. ಕಾಳುಪಲ್ಲೆ ತಿಂದರೆ ವಾಯು ಎಂದು ಗಿರಾಕಿ ದೂರುವುದು ಇವುಗಳಿಂದಲೇ. ವಾಯು ಎಂದರೆ ಬ್ಯಾಕ್ಟೀರಿಯಾಗಳು ಉಂಡವು ಎಂಬುದಕ್ಕೆ ಸಾಕ್ಷಿ, ಆದರೆ ಪವರ್‌ಲೂಮಿನ ಪಾಳಿಯಲ್ಲಿ ನಿಂತವನಿಗೆ ಈ ಸಾಕ್ಷಿಯಿಂದ ಸಮಾಧಾನವಾಗುವುದಿಲ್ಲ. ಕಾಳು ನೆನೆಸಿ, ನೀರು ಚೆಲ್ಲಿ, ಮೊಳಕೆ ಬರಿಸಿ ಪಲ್ಲೆ ಮಾಡುವ ನಿಮ್ಮ ಹಳೆಯ ಪದ್ಧತಿಯಿಂದ ಆ ಸಕ್ಕರೆ ಅಷ್ಟಿಷ್ಟು ಇಳಿಯುತ್ತದೆ. ಮೇವು ಪೂರ್ತಿ ಹೋಗುವುದಿಲ್ಲ, ಉಪದ್ರವ ಕಡಿಮೆಯಾಗುತ್ತದೆ. ಕುಕ್ಕರ್ ಬಂದ ಮೇಲೆ ಆ ಹೆಜ್ಜೆಯನ್ನು ಬಿಟ್ಟವರು ಮತ್ತೆ ಹಿಡಿಯಿರಿ.

ಮಜ್ಜಿಗೆಯನ್ನು ಚರಕ ಸಂಹಿತೆ ಮೂಲವ್ಯಾಧಿಯ ಅಧ್ಯಾಯದಲ್ಲಿ ಹೊಗಳುತ್ತದೆ. ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ.

ಊಟವೇ ಔಷಧವಾಗುವ ಇಂಥ ಪದಾರ್ಥಗಳಿಗೆ ಚೀನಾದವರು ಒಂದು ಸರ್ಕಾರಿ ಪಟ್ಟಿಯನ್ನೇ ಮಾಡಿಕೊಂಡಿದ್ದಾರೆ. ಊಟವೂ ಹೌದು, ಔಷಧವೂ ಹೌದು ಎನ್ನಬಹುದಾದ 87 ಪದಾರ್ಥಗಳನ್ನು 2002ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಹೆಸರಿಸಿತು. ಶುಂಠಿ, ಗೋಜಿ, ಫೂಲಿಂಗ್, ಶಾನ್‌ಯಾವ್ ಗೆಣಸು ಮೊದಲಿನಿಂದಲೂ ಅದರಲ್ಲಿವೆ. ಹುವಾಂಗ್‌ಚಿ, ದಾಂಗ್‌ಶೆನ್, ಲಿಂಗ್‌ಝಿ ಅಷ್ಟು ಹೆಸರು ಮಾಡಿದ್ದರೂ ಅಡುಗೆಮನೆಯ ಪಟ್ಟಿಗೆ ಸೇರಲು 2023ರ ತನಕ ಕಾಯಬೇಕಾಯಿತು. ಆ ನಿಧಾನ ನನಗೆ ಮೆಚ್ಚುಗೆಯಾದದ್ದು. ಔಷಧವನ್ನು ಅಡುಗೆಗೆ ತರುವ ಮುನ್ನ ತಡೆದು ನೋಡಬೇಕು; ಅಡುಗೆಯನ್ನು ಔಷಧ ಎಂದು ಮಾರುವ ಮುನ್ನ ಇನ್ನೂ ಹೆಚ್ಚು ತಡೆದು ನೋಡಬೇಕು.

ಹಾಗೆಂದು ಚೀನಾದ ಬೇರುಗಳ ಬಗ್ಗೆ ಬಂದ ಸುದ್ದಿಯನ್ನೆಲ್ಲ ನಂಬಿ ಎಂದು ಹೇಳುತ್ತಿಲ್ಲ. ಆ ಸಂಶೋಧನೆಯ ಬಹುಪಾಲು ಇಲಿಗಳ ಮೇಲೆ ಮತ್ತು ಗಾಜಿನ ಕೊಳವೆಯಲ್ಲಿ ನಡೆದದ್ದು. ಮನುಷ್ಯರ ಮೇಲಿನ ಪರೀಕ್ಷೆಗಳು ಕಡಿಮೆ, ನಡೆದವೂ ಸಣ್ಣವು. ಮನುಷ್ಯರ ಮೇಲೆ ನಡೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಯೋಗದಲ್ಲಿ ಯಾವ ಗಿಡಮೂಲಿಕೆಯೂ ಇರಲಿಲ್ಲ. 2015ರಲ್ಲಿ ಪ್ರಕಟವಾದ ಅದನ್ನು ಸ್ಟೀಫನ್ ಒಕೀಫ್ ಎಂಬ ವೈದ್ಯರ ತಂಡ ನಡೆಸಿತು. ಅಮೆರಿಕದ ಪಿಟ್ಸ್‌ಬರ್ಗ್‌ನ 20 ಮಂದಿ ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಮಂದಿ ಎರಡು ವಾರ ಊಟ ಅದಲುಬದಲು ಮಾಡಿಕೊಂಡರು. ಹಳ್ಳಿಯವರದು ಮೆಕ್ಕೆಜೋಳದ ಗಂಜಿ, ಕಾಳು, ನಾರಿನ ಊಟ. ಅಮೆರಿಕದವರದು ಮಾಂಸ, ಕೊಬ್ಬು, ಕರಿದದ್ದು. ಎರಡೇ ವಾರದಲ್ಲಿ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತದ ಗುರುತುಗಳು ಇಳಿದವು. ಹಳ್ಳಿಯವರಲ್ಲಿ ಎಲ್ಲ ಉಲ್ಟಾ ಆಯಿತು. ಬದಲಾದದ್ದು ತಟ್ಟೆ ಮಾತ್ರ. ಎರಡು ವಾರ ಎಂದರೆ ನಿಮ್ಮಲ್ಲಿ ತಿಂಗಳ ಮೆಸ್ ಹಚ್ಚಿದ ಕಾಲೇಜು ಹುಡುಗನ ಅರ್ಧ ತಿಂಗಳು. ಅವನ ಕರುಳಿನ ಒಳಗೆ ಏನು ಬೆಳೆಯಬೇಕೆಂದು ತೀರ್ಮಾನಿಸುವವರು ನೀವು.

ಆ ಅಧಿಕಾರ ನಿಮ್ಮ ಕೈಗೆ ಬಂದದ್ದು ಹೊಲ ಬದಲಾದದ್ದರಿಂದ ಕೂಡ. ಘಟಪ್ರಭೆ, ಕೃಷ್ಣೆಯ ನೀರು ಏರಿದಲ್ಲೆಲ್ಲ ಮುಧೋಳ, ಜಮಖಂಡಿಯ ಎರೆಹೊಲಗಳಲ್ಲಿ ಬಿಳಿಜೋಳದ ಜಾಗಕ್ಕೆ ಕಬ್ಬು ಬಂತು. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಹೊಳೆದಂಡೆಯ ಒಳ್ಳೆಯ ನೆಲವನ್ನೇ ನುಂಗಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಸಿವು ನೀಗಿತು, ಅದನ್ನು ಹಗುರವಾಗಿ ಹೇಳುವವನು ನಾನಲ್ಲ. ಜೊತೆಗೆ ಮನೆಯ ಒಲೆಯ ಮೇಲೆ ಅನ್ನ ಹೆಚ್ಚಾಯಿತು, ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದವು. ಈಗ ಅನೇಕರಿಗೆ ರೊಟ್ಟಿ ಸಿಗುವುದು ಖಾನಾವಳಿಯಲ್ಲೇ. ಕಾರ್ಖಾನೆಗೆ ಕಬ್ಬು ತಂದು ಪಾಳಿಗೆ ಕಾಯುವ ಟ್ರ್ಯಾಕ್ಟರಿನವನು, ಬನಹಟ್ಟಿಯ ನೇಕಾರ, ತಾಲ್ಲೂಕು ಕಚೇರಿಗೆ ಉತಾರೆಗಾಗಿ ಬಂದ ರೈತ, ಎಲ್ಲರೂ ನಿಮ್ಮ ತಟ್ಟೆಯ ಮೇಲೆಯೇ ಇದ್ದಾರೆ.

ಇನ್ನು ಗಲ್ಲಾದ ಪಕ್ಕದ ಡಬ್ಬಿ. ಆಯುರ್ವೇದದ ಔಷಧವಾದರೆ ಅದರ ಮೇಲೆ ಏನೇನು ಸೇರಿದೆ ಎಂದು ಬರೆದಿರಲೇಬೇಕು. ಕನ್ನಡಕ ಹಾಕಿಕೊಂಡು ಒಮ್ಮೆ ಓದಿ. ಸ್ವರ್ಣಪತ್ರಿ, ಸನಾಯ್, ಸೋನಾಮುಖಿ, ಸೆನ್ನಾ, ಯಾವ ಹೆಸರಿದ್ದರೂ ಗಿಡ ಒಂದೇ. ಅದರ ಎಲೆಯಲ್ಲಿರುವ ಸೆನ್ನೋಸೈಡ್‌ಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಹೊರಬರುವ ಪದಾರ್ಥ ದೊಡ್ಡ ಕರುಳನ್ನು ಕೆರಳಿಸಿ ಓಡಿಸುತ್ತದೆ. ಚೀನಾದವರ ದಾಹುವಾಂಗ್ ಬೇರು ಮಾಡುವುದೂ ಇದನ್ನೇ. ಬ್ಯಾಕ್ಟೀರಿಯಾ ಇದರಲ್ಲೂ ಪಾಲ್ಗೊಳ್ಳುತ್ತದೆ ಎಂದ ಮಾತ್ರಕ್ಕೆ ಇದು ಮೇವಲ್ಲ, ಚಾವಟಿ. ಒಂದೆರಡು ದಿನದ ಕಷ್ಟಕ್ಕೆ ಒಳ್ಳೆಯ ಔಷಧ, ಅದರಲ್ಲಿ ನನಗೆ ತಕರಾರಿಲ್ಲ. ವೈದ್ಯರನ್ನು ಕೇಳದೆ ಒಂದು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು. ತಿಂಗಳುಗಟ್ಟಲೆ ತಿಂದವರ ಕರುಳಿನ ಒಳಪದರ ಕಪ್ಪಾಗುತ್ತದೆ, ಅತಿಯಾದರೆ ಮೈಯ ಪೊಟ್ಯಾಸಿಯಂ ಇಳಿಯುತ್ತದೆ. ಊಟ ಮುಗಿಸಿ ದುಡ್ಡು ಕೊಡುವಾಗ ಚಿಲ್ಲರೆಯ ಬದಲು ಚಾಕೊಲೇಟ್ ಕೊಟ್ಟಂತೆ ಕೊಡುವ ಪುಡಿ ಅದಲ್ಲ.

ತ್ರಿಫಲೆಯ ಮಾತು ಬೇರೆ. ಅಣಲೆ, ತಾರೆ, ನೆಲ್ಲಿಯ ಟ್ಯಾನಿನ್‌ಗಳನ್ನು ಕೆಲವರ ಕರುಳಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್ ಎಂಬ ಉಪಯುಕ್ತ ಪದಾರ್ಥವಾಗಿ ಬದಲಿಸುತ್ತವೆ. ಕೆಲವರ ಕರುಳಿಗೆ ಆ ವಿದ್ಯೆ ಬರುವುದಿಲ್ಲ. ನಮ್ಮ ಜಿಲ್ಲೆಯ ದಾಳಿಂಬೆಯಲ್ಲೂ ಇದೇ ಜಾತಿಯ ಟ್ಯಾನಿನ್ ಇದೆ. ಒಬ್ಬನಿಗೆ ಹಿಡಿಸಿದ ಚೂರ್ಣ ಇನ್ನೊಬ್ಬನಿಗೆ ಹಿಡಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಇಸಬಗೋಲು ನೀರು ಹೀರಿ ಮಲವನ್ನು ಮೆದುಮಾಡುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಅಷ್ಟಾಗಿ ತಿನ್ನುವುದಿಲ್ಲ. ಧಾರಾಳ ನೀರಿಲ್ಲದೆ ಅದನ್ನು ನುಂಗಬಾರದು.

ಗಿಡಮೂಲಿಕೆ ಎಂದರೆ ನಿರಪಾಯ ಎಂದು ನಂಬಿದವರಿಗೆ ಬ್ರಸೆಲ್ಸ್‌ನ ಕಥೆ ಹೇಳಬೇಕು. ತೂಕ ಇಳಿಸುವ ಒಂದು ಚಿಕಿತ್ಸಾಲಯದಲ್ಲಿ ಚೀನಾದ ಬೇರಿನ ಮಾತ್ರೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವೆಂದು 1993ರಲ್ಲಿ ಬೆಲ್ಜಿಯಂನ ವೈದ್ಯರು ವರದಿ ಮಾಡಿದರು. ಒಂದು ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು ಮಾತ್ರೆಗೆ ಸೇರಿತ್ತು. ಅದರಲ್ಲಿದ್ದದ್ದು ಅರಿಸ್ಟೋಲೋಕಿಕ್ ಆಮ್ಲ. ಅದೇ ಕುಲದ ಈಶ್ವರಿ ಬಳ್ಳಿಯನ್ನು ನಮ್ಮ ನಾಟಿ ಮದ್ದಿನಲ್ಲೂ ಬಳಸುತ್ತಾರೆ, ಅದರಲ್ಲೂ ಆ ಆಮ್ಲವಿದೆ. ಯಾರೋ ಸಂತೆಯಲ್ಲಿ ಹಾಳೆಯಲ್ಲಿ ಕಟ್ಟಿಕೊಟ್ಟ, ಹೆಸರಿಲ್ಲದ ಪುಡಿಯನ್ನು ನಿಮ್ಮ ಅಂಗಡಿಯ ಮುಖಾಂತರ ಮಾರಲು ಕೇಳಿಕೊಂಡರೆ ಬೇಡವೆನ್ನಿ. ತೇರದಾಳದ ಕಡೆ ನಮ್ಮವರೇ ಬೆಳೆಯುವ ಅರಿಶಿನವನ್ನು ಸಾರಿಗೆ ಹಾಕುವುದು ಬೇರೆ, ಅದರ ಸತ್ವ ತೆಗೆದು ಕಾಳುಮೆಣಸಿನ ಸತ್ವ ಸೇರಿಸಿದ ಗುಳಿಗೆ ದಿನಾ ನುಂಗುವುದು ಬೇರೆ. ಎರಡನೆಯದರಿಂದ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ.

ಇನ್ನೊಂದು ಆಸೆ ನಿಮ್ಮಲ್ಲಿ ಕೆಲವರಿಗೆ ಹುಟ್ಟಬಹುದು, ಅದನ್ನೂ ಹೇಳಿಬಿಡುತ್ತೇನೆ. ಇಷ್ಟೆಲ್ಲ ಓದಿದ ಮೇಲೆ ಅಗಸಿ ಹಿಂಡಿಯ ಪಾಕೀಟಿನ ಮೇಲೆ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಬರೆಸಬೇಡಿ. ಸಕ್ಕರೆ ಕಾಯಿಲೆ ವಾಸಿಮಾಡುವುದಾಗಿ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಅದು ಸುಳ್ಳು. ಹಿಂಡಿ ಹಿಂಡಿಯಾಗಿಯೇ ಮಾರಾಟವಾಗಲಿ, ಅಷ್ಟಕ್ಕೇ ಅದಕ್ಕೆ ಬೆಲೆಯಿದೆ.

ಎಲ್ಲರ ಹೊಟ್ಟೆಯೂ ಒಂದೇ ಅಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂದ ಕೂಡಲೇ ಹೊಟ್ಟೆ ಉಬ್ಬಿ ನುಲಿಯುವವರಿದ್ದಾರೆ. ಅವರಿಗೆ ಒತ್ತಾಯ ಮಾಡಿ ಬಡಿಸಬೇಡಿ. ವರ್ಷಗಟ್ಟಲೆ ಅನ್ನ-ಸಾರು ಉಂಡವರು ಒಮ್ಮೆಲೇ ನಾಲ್ಕು ರೊಟ್ಟಿ, ಬಟ್ಟಲು ತುಂಬ ಕಾಳುಪಲ್ಲೆಗೆ ಇಳಿದರೆ ವಾರವಿಡೀ ವಾಯು. ನಿಧಾನಕ್ಕೆ ಹೆಚ್ಚಿಸಬೇಕು, ನೀರು ಕುಡಿಯಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ದಿಢೀರನೆ ಬದಲಾದ ಮಲದ ರೂಢಿ, ಇವಕ್ಕೆ ಹಿಂಡಿಯೂ ಬೇಡ, ಚೂರ್ಣವೂ ಬೇಡ. ಅಂಥವರು ನಿಮ್ಮಲ್ಲಿ ಗೋಳು ತೋಡಿಕೊಂಡರೆ ಸರ್ಕಾರಿ ದವಾಖಾನೆಗೆ ಕಳಿಸಿ.

ನಿಮ್ಮ ಕಷ್ಟ ನನಗೆ ತಿಳಿಯದೇ ಇಲ್ಲ. ಉಳ್ಳಾಗಡ್ಡಿಯ ದರ ಒಮ್ಮೆ ರೈತನನ್ನು ಅಳಿಸುತ್ತದೆ, ಒಮ್ಮೆ ನಿಮ್ಮನ್ನು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೂಲಿ ಏರಿದೆ, ಏರಲೂಬೇಕು; ಸಿಲಿಂಡರ್ ಬೆಲೆ ನಿಮ್ಮ ಕೈಯಲ್ಲಿಲ್ಲ. ಹಿಂಡಿ ಕುಟ್ಟುವುದು, ಸೊಪ್ಪು ಸೋಸುವುದು ಹೊತ್ತು ತಿನ್ನುವ ಕೆಲಸ, ಗಿರಾಕಿ ಅದಕ್ಕೆ ಬೇರೆ ದುಡ್ಡು ಕೊಡುವುದಿಲ್ಲ. ಆದರೂ ಲೆಕ್ಕ ಹಾಕಿ ನೋಡಿ: ತಟ್ಟೆಯ ಅಂಚಿನ ಒಂದು ಚಮಚ ಹಿಂಡಿ, ಒಂದು ಹಿಡಿ ಸೊಪ್ಪು, ಅರ್ಧ ಗಡ್ಡೆ ತೆಗೆದು ನೀವು ಉಳಿಸುವುದೆಷ್ಟು? ಅದರ ಬದಲಿಗೆ ಎರಡನೇ ಬಾರಿಯ ಅನ್ನ, ಕರಿದ ಹಪ್ಪಳ, ಮೈದಾ ಬೆರೆಸಿದ ಚಪಾತಿಯನ್ನು ಬಿಡಬಹುದು. ಹಿಂಡಿಯನ್ನು ಊರಿನ ಮಹಿಳಾ ಸಂಘದವರಿಂದ ಕಿಲೋ ಲೆಕ್ಕದಲ್ಲಿ ಕೊಂಡರೆ ನಿಮ್ಮ ಹೊತ್ತೂ ಉಳಿಯುತ್ತದೆ, ಅವರ ಕೈಗೂ ನಾಲ್ಕು ಕಾಸು ಸೇರುತ್ತದೆ.

ಅಷ್ಟಾದರೂ ಗಿಟ್ಟದಿದ್ದರೆ ಊಟದ ದರ ಎರಡು ರೂಪಾಯಿ ಏರಿಸಿ, ಬೋರ್ಡಿನ ಮೇಲೆ ಧೈರ್ಯವಾಗಿ ಬರೆಯಿರಿ. ನಾವು ಗೊಣಗುತ್ತಲೇ ಕೊಡುತ್ತೇವೆ. ಹಿಂಡಿ, ಉಳ್ಳಾಗಡ್ಡಿ, ಸೊಪ್ಪನ್ನು ಮಾತ್ರ ಕೇಳಿದವರಿಗಷ್ಟೇ ಅಲ್ಲ, ಕೇಳದವರಿಗೂ ಬಡಿಸಿ.

ನಿಮ್ಮ ಪಂಕ್ತಿಯಲ್ಲಿ ಉಣ್ಣುವ
ಒಬ್ಬ ಗಿರಾಕಿ